ಅಳತೆಗೆ ಇಟ್ಟ ರಕ್ತ

೧೯ ನವೆಂಬರ್ ೧೯೭೮, ಭಾನುವಾರ, ಸಿಂದಗಿ

ಇವತ್ತೂ ಬರಲಿಲ್ಲ. ಮುದ್ದೇಬಿಹಾಳದ ಬಸ್ಸು ಬಂತು, ಇಳಿಯುವವರೆಲ್ಲ ಇಳಿದರು, ಕೊನೆಗೆ ಒಂದು ಕೋಳಿಬುಟ್ಟಿಯೂ ಇಳಿಯಿತು. ಬಸಂತರಾಯ ಇಳಿಯಲಿಲ್ಲ. ನಾನು ಬಾಳೆಹಣ್ಣು ಕೊಳ್ಳುವವಳಂತೆ ಗಾಡಿಯ ಮುಂದೆ ನಿಂತಿದ್ದೆ. ಹಣ್ಣಿನ ಲಕ್ಕವ್ವ, "ಯವ್ವಾ, ಹಣ್ಣ ಹಿಚಕಬ್ಯಾಡ, ತಗೊಳ್ಳೂದಿದ್ರ ತಗೋ" ಎಂದು ಎಲ್ಲರೆದುರು ಗದರಿದಳು. ಸಿಟ್ಟಿಗೆ ಅರ್ಧ ಡಜನ್ ಕೊಂಡು ಬಂದೆ. ಈಗ ಯಾರು ತಿನ್ನುವುದು?

ಇಪ್ಪತ್ತೇಳು ವರ್ಷದ ಹೆಂಗಸು, ಟ್ರಸ್ಟ್ ಆಸ್ಪತ್ರೆಯ ಲ್ಯಾಬ್ ನಡೆಸುವವಳು, ಕಂಡವರ ಬೆರಳು ಚುಚ್ಚುವವಳು, ಒಂದು ಬಸ್ಸಿಗಾಗಿ ಹೀಗೆ ನಾಚಿಕೆಗೆಟ್ಟು ನಿಲ್ಲುತ್ತೇನೆ. ಏನು ಮಾಡಲಿ? ನಾನು ತೊಟ್ಟಿಲಲ್ಲಿದ್ದಾಗಲೇ ಹೊರ್ತಿಯ ಸೋದರಮಾವ ನನ್ನ ಕೆನ್ನೆ ಹಿಂಡಿ, "ಇಕಿ ನನ್ನ ಸಣ್ಣ ಮಗನ ಹೇಣ್ತಿ" ಎಂದುಬಿಟ್ಟನಂತೆ. ಅವನ ದೊಡ್ಡ ಮಗ ಶ್ರೀಶೈಲಪ್ಪನಿಗೆ ನನ್ನ ಅಕ್ಕ ರೇವವ್ವನನ್ನು ಕೊಟ್ಟಾಯಿತು. ಮಾವ ತೀರಿಕೊಂಡ, ಅವ್ವನೂ ಹೋದಳು, ಆ ಮಾತು ಮಾತ್ರ ಉಳಿದಿದೆ. ಬರುವ ಬಸವ ಜಯಂತಿ ಮುಗಿದ ಮೇಲೆ ಮದುವೆ. ಆ ಸಣ್ಣ ಮಗನೇ ಬಸಂತರಾಯ, ಮುದ್ದೇಬಿಹಾಳದಲ್ಲಿ ಕಾಲುವೆ ಸರ್ವೆ ಆಫೀಸಿನಲ್ಲಿದ್ದಾನೆ. ರಜೆ ಸಿಕ್ಕ ಭಾನುವಾರ ಬರುತ್ತಾನೆ. ರಜೆ ಸಿಗದ ಭಾನುವಾರವೂ ನಾನು ಹೋಗಿ ನಿಲ್ಲುತ್ತೇನೆ.

೨೪ ನವೆಂಬರ್, ಶುಕ್ರವಾರ

ರಕ್ತ ಎಣಿಸುವ ಯಂತ್ರ ಬಂತು! ಪರದೇಶದ ಯಾವುದೋ ಸಂಸ್ಥೆಯ ದಾನ. ನಮ್ಮ ಡಾಕ್ಟರ್ ಜೈನುದ್ದೀನ ಸಾಹೇಬರು ಕೇಳಿ ಕೇಳಿ ಸಾಕಾಗಿ ಬಿಟ್ಟುಬಿಟ್ಟಿದ್ದರು. ಇನ್ನು ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಚೌಕ ಚೌಕದೊಳಗಿನ ಕಣಗಳನ್ನು ಎಣಿಸಿ, ಕಣ್ಣಲ್ಲಿ ನೀರು ಸುರಿಸಿಕೊಳ್ಳಬೇಕಾಗಿಲ್ಲ.

ಪುಣೆಯಿಂದ ಬಂದ ಇಂಜಿನಿಯರ್ ಹೇಳಿಕೊಟ್ಟದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. ಒಂದು ಹನಿ ರಕ್ತವನ್ನು ಬಹಳಷ್ಟು ಉಪ್ಪುನೀರಿನಲ್ಲಿ ಕದಡಬೇಕು. ಅದರೊಳಗೆ ಒಂದು ಗಾಜಿನ ಕೊಳವೆ, ಕೊಳವೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ತೂತಿನ ಒಳಗೊಂದು, ಹೊರಗೊಂದು ವಿದ್ಯುತ್ತಿನ ತಂತಿ. ಉಪ್ಪುನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ರಕ್ತಕಣ ತೂತಿಗೆ ಬಂದಾಗ ಮಾತ್ರ ತಡೆಯುತ್ತದೆ. ತಡೆದಾಗಲೆಲ್ಲ ಪರದೆಯ ಮೇಲೆ ಒಂದು ಹಸಿರು ಮುಳ್ಳು ಏಳುತ್ತದೆ. ಮುಳ್ಳು ಎಷ್ಟೋ ಕಣ ಅಷ್ಟು. ಕಣ ದೊಡ್ಡದಾದರೆ ಮುಳ್ಳು ಉದ್ದ, ಸಣ್ಣದಾದರೆ ಗಿಡ್ಡ. ಇಷ್ಟೇ.

ಗಾತ್ರ ಹೊಂದಿಸುವ ಅಳತೆಯ ದ್ರಾವಣವನ್ನು ಇಂಜಿನಿಯರ್ ಪುಣೆಯಲ್ಲೇ ಮರೆತು ಬಂದಿದ್ದಾನೆ. ಅದು ಬರುವ ತನಕ ಆರೋಗ್ಯವಂತರೊಬ್ಬರ ರಕ್ತ ಹಾಕಿ, ಮುಳ್ಳಿನ ತುದಿ ಪರದೆಯ ನಡುಗೆರೆಯನ್ನು ಮುಟ್ಟುವಂತೆ ತಿರುಪು ತಿರುಗಿಸಿ ಎಂದ. ಸಾಹೇಬರು ನನ್ನ ಕಡೆ ನೋಡಿ, "ಈಕಿಗೆ ಒಂದ ದಿನ ನೆಗಡಿ ಬಂದದ್ದು ನಾ ನೋಡಿಲ್ರಿ. ಈಕಿದ ಹಾಕ್ರಿ" ಎಂದರು. ಹಾಕಿದರು. ಹೊಂದಿತು. ಇನ್ನು ಸಿಂದಗಿ ತಾಲೂಕಿನವರ ರಕ್ತಕ್ಕೆಲ್ಲ ನನ್ನ ರಕ್ತವೇ ಅಳತೆ. ಬಸಂತರಾಯ ಬಂದಾಗ ಇದನ್ನು ಹೇಳಿ ಎಷ್ಟು ಸೊಕ್ಕು ಮಾಡಲಿದ್ದೇನೆ ನೋಡು.

೨ ಡಿಸೆಂಬರ್, ಶನಿವಾರ

ಬೆಳಿಗ್ಗೆ ಬರೀ ಉಪ್ಪುನೀರು ಇಟ್ಟೆ. ರಕ್ತವಿಲ್ಲ, ಏನಿಲ್ಲ, ಪರದೆಯ ತುಂಬ ಮುಳ್ಳು! ತೊಳೆದೆ, ಸೋಸಿದೆ, ಮತ್ತೆ ಇಟ್ಟೆ. ಮತ್ತೆ ಮುಳ್ಳು. ಅಳು ಬಂತು. ಆಮೇಲೆ ನೋಡಿದರೆ ಗೋಡೆಯಾಚೆ ನಬಿಲಾಲನ ಹಿಟ್ಟಿನ ಗಿರಣಿ ಶುರುವಾದಾಗ ಮುಳ್ಳು ಏಳುತ್ತವೆ, ನಿಂತಾಗ ಮಲಗುತ್ತವೆ. ಅವನ ಮೋಟರು ನನ್ನ ತಂತಿಯಲ್ಲಿ ಹಾರಾಡುತ್ತಿದೆ.

ಹೋಗಿ ಹೇಳಿದೆ. ನಬಿಲಾಲ ಹಿಟ್ಟು ಮೆತ್ತಿದ ಹುಬ್ಬು ಎತ್ತಿ, "ಅಂದ್ರ ನನ್ನ ಜ್ವಾಳದ ಹಿಟ್ಟ ನಿನ್ನ ಮಿಷಿನ್ಯಾಗ ರಕ್ತ ಆಗಾಕತ್ತೈತಿ ಅನ್ನು" ಎಂದ. ಸಾಲಿನಲ್ಲಿ ಕೂತ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಕಡೆಗೆ ಹನ್ನೊಂದರಿಂದ ಹನ್ನೆರಡರವರೆಗೆ ಗಿರಣಿ ನಿಲ್ಲಿಸಲು ಒಪ್ಪಿದ. "ರೊಟ್ಟಿ ತಡ ಆದ್ರ ಗಂಡಸರು ನಿನ್ನ ಮನಿಗೇ ಬರ್ತಾರ ನೋಡ ತಂಗಿ" ಎಂದು ಹೆದರಿಸಿದ. ಬರಲಿ, ಎಲ್ಲರ ಬೆರಳೂ ಚುಚ್ಚುತ್ತೇನೆ.

೧೦ ಡಿಸೆಂಬರ್, ಭಾನುವಾರ

ಬಂದ!

ಅಮೀನಗಡದ ಕರದಂಟು ತಂದಿದ್ದ. ಆಸ್ಪತ್ರೆಯ ಬೇವಿನಮರದ ಕಟ್ಟೆಯ ಮೇಲೆ ಕೂತು ತಿಂದೆವು. ಮುದ್ದೇಬಿಹಾಳದಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದಾನಂತೆ. ಹಿತ್ತಲಲ್ಲಿ ಕರಿಬೇವಿನ ಗಿಡ ಇದೆ, ಅಡುಗೆಮನೆಯ ಕಿಟಕಿಗೆ ಬಾಗಿಲಿಲ್ಲ. "ಬಾಗಲಾ ಹಚ್ಚಸ್ತೇನಿ, ಬೆಕ್ಕ ಬರ್ತಾವು" ಎಂದ. ಇಷ್ಟು ಹೇಳುವುದಕ್ಕೆ ಅವನಿಗೆ ಅರ್ಧ ತಾಸು ಬೇಕಾಯಿತು. ಮಾತಿನಲ್ಲಿ ಮೊದಲಿನಿಂದಲೂ ನಿಧಾನ. ನನಗೆ ಆ ನಿಧಾನವೇ ಹಿತ. ನಾನು ಒಬ್ಬಳೇ ಇಬ್ಬರ ಮಾತೂ ಆಡಿಬಿಡುತ್ತೇನೆ.

ಯಂತ್ರ ತೋರಿಸಿದೆ. ನನ್ನ ಮುಳ್ಳುಗಳನ್ನು ನೋಡಿ, "ಎಷ್ಟ ಚಂದ ಅದಾವ" ಎಂದ. ನಿನ್ನದೂ ಹಾಕೋಣ ಎಂದು ಸೂಜಿ ತೆಗೆದೆ. ಗಂಡಸು ಹೌಹಾರಿ, "ಬಸ್ಸಿಗೆ ಹೊತ್ತಾತು" ಎಂದು ಎದ್ದೇಬಿಟ್ಟ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಕಳಿಸಿ ಬಂದ ಮೇಲೆ ಕಟ್ಟೆಯ ಮೇಲೆ ಅವನು ಕೂತ ಜಾಗದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಆ ಕಿಟಕಿಗೆ ಹಸಿರು ಬಣ್ಣ ಹಚ್ಚಿಸಬೇಕು.

೨೧ ಡಿಸೆಂಬರ್, ಗುರುವಾರ

ವಿಚಿತ್ರ ಮಂದಿ. ಸಿಂದಗಿಯವರು, ಕನ್ನೊಳ್ಳಿಯವರು, ಯಾರದೇ ರಕ್ತ ಹಾಕಲಿ, ಮುಳ್ಳು ನಡುಗೆರೆ ದಾಟಿ ಮೇಲೆ ಹೋಗುತ್ತವೆ. ಎಲ್ಲರ ಕಣವೂ ದೊಡ್ಡದು. ಸೊಪ್ಪು ತಿನ್ನುವುದು ಕಡಿಮೆಯಾದರೆ ಕಣ ಊದುತ್ತದೆ ಎಂದು ಸಾಹೇಬರು ಕಂಡವರಿಗೆಲ್ಲ ಫಾಲಿಕ್ ಗುಳಿಗೆ ಬರೆಯುತ್ತಿದ್ದಾರೆ. ಈ ಸೀಮೆಯಲ್ಲಿ, ಪುಂಡಿಸೊಪ್ಪಿನ ಪಲ್ಯ ಇಲ್ಲದೆ ಊಟವೇ ಮಾಡದ ಜನಕ್ಕೆ! ನನ್ನದು ಮಾತ್ರ ದಿನಾ ಬೆಳಿಗ್ಗೆ ಗೆರೆಗೆ ಸರಿಯಾಗಿ ನಿಲ್ಲುತ್ತದೆ.

೩೦ ಡಿಸೆಂಬರ್, ಶನಿವಾರ

ನಿನ್ನೆ ಎಳ್ಳಮಾಸೆಗೆ ಹೊರ್ತಿಗೆ ಹೋಗಿದ್ದೆ. ಬಸಂತ ಬಂದಿದ್ದ. ಬಿಳಿಜೋಳ ಆಳೆತ್ತರ ನಿಂತಿದೆ. ಭೂತಾಯಿಗೆ ಎಡೆಯ ಚರಗ ಚೆಲ್ಲುವಾಗ ಅವನು ಮುಂದೆ, ನಾನು ಹಿಂದೆ. ಒಮ್ಮೆ ತಿರುಗಿ ನೋಡಿದ. ಅಷ್ಟೇ ಸಾಕಾಯಿತು.

ಆದರೆ ಹೊಲದಲ್ಲಿ ಕೂತು ಊಟ ಮಾಡುವಾಗ ಅಕ್ಕನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೆ. ಅವ್ವನ ಹೆಸರನ್ನೇ ಇಟ್ಟಿದ್ದಾರೆ, ಸಿದ್ದವ್ವ. ನಾವು ಕರೆಯುವುದು ಸಿದ್ದಿ. ಹತ್ತು ತಿಂಗಳ ಕೂಸಿನ ಅಂಗೈಯಲ್ಲಿ ಒಂದು ಚೂರು ಕೆಂಪಿಲ್ಲ. ಹೊಟ್ಟೆ ಉಬ್ಬಿದೆ, ಕೈಕಾಲು ಕಡ್ಡಿ. ಇವರ ಮೊದಲ ಗಂಡುಕೂಸೂ ಹೀಗೇ ಬೆಳ್ಳಗಾಗಿ ವರ್ಷ ತುಂಬುವುದರೊಳಗೆ ಹೋಗಿತ್ತು. ನಾನು ಆಗ ಮೀರಜದಲ್ಲಿ ಕಲಿಯುತ್ತಿದ್ದೆ, ನೋಡಲೂ ಸಿಗಲಿಲ್ಲ.

ಅತ್ತಿ ಸುಮಿತ್ರಾಬಾಯಿ, ಬಸಂತನ ತಾಯಿ, "ಮಂದಿ ಕಣ್ಣ ಭಾಳ ಕೆಟ್ಟ. ದೃಷ್ಟಿ ಆಗೇತಿ" ಎಂದಳು. ಅಕ್ಕ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಬರುವಾಗ ಬಸ್ಸಿನ ಹತ್ತಿರ ನನ್ನ ಕೈ ಹಿಡಿದು, "ಕಸ್ತೂರಿ, ಇದೂ ಹೋದ್ರ ನಾ ಬಾವಿ ನೋಡ್ಕೋತೇನಿ" ಎಂದಳು. ಬೈದೆ. ಆಸ್ಪತ್ರೆಗೆ ಕರೆದುಕೊಂಡು ಬಾ ಎಂದೆ.

೮ ಜನವರಿ ೧೯೭೯, ಸೋಮವಾರ

ಇವತ್ತು ನನ್ನ ಮರ್ಯಾದೆ ಹೋಯಿತು.

ಸಾಹೇಬರು ಬಂದು, "ಇಡೀ ತಾಲೂಕಿಗೆ ಒಂದ ರೋಗ ಹೆಂಗ ಬರತೈತಿ ಕಸ್ತೂರಿ? ನನ್ನ ರಕ್ತ ಹಾಕು" ಎಂದರು. ಹಾಕಿದೆ. ಗೆರೆ ದಾಟಿತು. ಗಿರಣಿ ನಿಲ್ಲಿಸಿ ನಿಂತಿದ್ದ ನಬಿಲಾಲನನ್ನು ಕರೆದು ಅವನದೂ ಹಾಕಿದೆವು. ದಾಟಿತು. ಕಂಪೌಂಡರನದೂ ದಾಟಿತು. ಸಾಹೇಬರು ಪರದೆ ಬಿಟ್ಟು ನನ್ನನ್ನೇ ನೋಡತೊಡಗಿದರು.

"ಎಲ್ಲಾರದೂ ಉದ್ದ ಇಲ್ಲ. ನಿನ್ನದ ಗಿಡ್ಡ ಐತಿ. ಗಿಡ್ಡ ಕೋಲು ಹಿಡಕೊಂಡು ಊರ ಅಳದೇವಿ ನಾವು."

ಅವರ ಮೂವರ ರಕ್ತಕ್ಕೆ ತಿರುಪು ಹೊಂದಿಸಿ ನನ್ನದನ್ನು ಹಾಕಿದಾಗ ನನ್ನ ಮುಳ್ಳುಗಳು ಗೆರೆಯ ಕೆಳಗೆ ಎಲ್ಲೋ ಕುಸಿದು ಕೂತವು. ಸಣ್ಣವು, ಆದರೆ ಸಂಖ್ಯೆಯಲ್ಲಿ ಎಲ್ಲರಿಗಿಂತ ಹೆಚ್ಚು. ಕಬ್ಬಿಣ ಕಡಿಮೆಯಾದವರಿಗೆ ಕಣ ಸಣ್ಣದಾದರೆ ಸಂಖ್ಯೆಯೂ ಇಳಿದಿರುತ್ತದೆ, ನಿನ್ನದು ಹಾಗಲ್ಲ, ಹುಟ್ಟಿನಿಂದ ತಾಯಿ ಕಡೆಯಿಂದಲೋ ತಂದೆ ಕಡೆಯಿಂದಲೋ ಬಂದದ್ದು ಎಂದರು. ರೋಗವೇ? ಅಲ್ಲವಂತೆ. ನೂರು ವರ್ಷ ಬಾಳಬಹುದಂತೆ. ನಂತರ ಎಲ್ಲೋ ನೋಡುತ್ತ, "ನಿಮ್ಮ ಮನ್ಯಾಗ ಒಳಗೊಳಗ ಲಗ್ನ ಮಾಡ್ಕೋತೀರೇನು?" ಎಂದು ಕೇಳಿದರು.

ಯಾರು ಮಾಡಿಕೊಳ್ಳುವುದಿಲ್ಲ? ಪರದೇಶದ ಪುಸ್ತಕ ಓದಿ ಓದಿ ಇವರಿಗೆ ತಲೆ ಕೆಟ್ಟಿದೆ. ಸಂಜೆತನಕ ಗುಳಿಗೆ ಪಡೆದವರಿಗೆಲ್ಲ ಇನ್ನ ಬ್ಯಾಡ್ರಿ, ವಾಪಸ್ ಕೊಡ್ರಿ ಎಂದು ಹೇಳಿ ಕಳಿಸಿದೆ. ಒಬ್ಬ ಮುದುಕಿ, "ಚಲೋ ಹಸಿವಿ ಆಗಾಕತ್ತಿತ್ತಲ್ಲ ಯವ್ವಾ" ಎಂದು ಕೊಡಲೇ ಇಲ್ಲ.

೧೭ ಜನವರಿ, ಬುಧವಾರ

ಪುಣೆಯ ಅಳತೆಯ ದ್ರಾವಣ ಬಂತು. ಅದೂ ಸಾಹೇಬರ ಪರವಾಗಿಯೇ ಮಾತಾಡಿತು.

ಅಕ್ಕ, ಶ್ರೀಶೈಲಪ್ಪ ಭಾವ, ಸಿದ್ದಿ ಬಂದಿದ್ದಾರೆ. ಕೂಸಿನ ಬೆರಳು ಚುಚ್ಚಿದರೆ ಬಂದದ್ದು ರಕ್ತವೋ ತೊಳೆದ ನೀರೋ. ಪರದೆಯ ಮೇಲೆ ಚೂರುಪಾರು ಮುಳ್ಳುಗಳು, ಒಂದಕ್ಕೊಂದು ಹೋಲಿಕೆ ಇಲ್ಲ. ಆಮೇಲೆ ಅಕ್ಕನದು ಹಾಕಿದೆ. ಗಿಡ್ಡ, ಥೇಟ್ ನನ್ನವೇ. ಭಾವನದು ಹಾಕಿದೆ. ಅವೂ ಗಿಡ್ಡ.

ಸಾಹೇಬರು ಅವರಿಬ್ಬರನ್ನೂ ಕೂರಿಸಿ ಸಮಾಧಾನವಾಗಿ ಹೇಳಿದರು. ಇದಕ್ಕೆ ಥಲಸ್ಸೀಮಿಯಾ ಅನ್ನುತ್ತಾರೆ. ಗಂಡಹೆಂಡಿರಲ್ಲಿ ಒಬ್ಬರ ಕಣ ಗಿಡ್ಡವಾದರೆ ಏನೂ ಚಿಂತೆಯಿಲ್ಲ. ಇಬ್ಬರದೂ ಗಿಡ್ಡವಾದರೆ ಕೆಲವು ಕೂಸುಗಳಿಗೆ ಎರಡೂ ಕಡೆಯಿಂದ ಬಂದುಬಿಡುತ್ತದೆ. ಅಂಥ ಕೂಸಿನ ಮೈ ತನ್ನ ರಕ್ತವನ್ನು ತಾನು ಮಾಡಿಕೊಳ್ಳಲಾರದು. ತಿಂಗಳಿಗೊಮ್ಮೆ ಬೇರೆಯವರ ರಕ್ತ ಹಾಕುತ್ತಿರಬೇಕು. ಎಲ್ಲಿಯವರೆಗೆ ಎಂದು ಅಕ್ಕ ಕೇಳಿದಳು. ಸಾಹೇಬರು ಕೂಸಿನ ಕೆನ್ನೆ ಸವರಿದರು.

ಇನ್ನೊಂದು ಫಜೀತಿ. ಕೂಸಿನ ರಕ್ತದ ಗುಂಪು ಅಪರೂಪದ್ದು. ಮನೆಯಲ್ಲಿ ಭಾವನದೊಂದೇ ಹೊಂದುತ್ತದೆ. ಇವತ್ತು ಅವನದೇ ಹಾಕಿದೆವು. ಆದರೆ ಒಬ್ಬನೇ ಪ್ರತಿ ತಿಂಗಳೂ ಕೊಡಲಾರ. ಅವನ ತಮ್ಮನನ್ನು ಕರೆಸು, ಅವನದೂ ಅದೇ ಗುಂಪು ಇರಬಹುದು ಎಂದರು ಸಾಹೇಬರು.

ಅವನ ತಮ್ಮ!

೧೮ ಜನವರಿ, ಗುರುವಾರ

ಅಣ್ಣನದು ಗಿಡ್ಡ. ತಮ್ಮನದು? ನನ್ನದಂತೂ ಗಿಡ್ಡ. ಅವನದೂ ಗಿಡ್ಡವಾದರೆ ನಮಗೆ ಮದುವೆ ಇಲ್ಲ. ಇಷ್ಟೇ ಬರೆಯಲು ಆಗುತ್ತಿದೆ.

೨೮ ಜನವರಿ, ಭಾನುವಾರ

ಬರಲಿಲ್ಲ. ಹೇಳಿಕಳಿಸಿ ಎಷ್ಟು ದಿನವಾಯಿತು. ಒಮ್ಮೆ ಬಂದು ಕೈ ಚಾಚಬಾರದೇ? ಮತ್ತೊಮ್ಮೆ ಅನಿಸುತ್ತದೆ, ಬಾರದಿದ್ದರೇ ಒಳ್ಳೆಯದು. ನೋಡದ ರಕ್ತ ಗಿಡ್ಡವೂ ಅಲ್ಲ, ಉದ್ದವೂ ಅಲ್ಲ. ಅಲ್ಲಿಯವರೆಗೆ ಅವನು ನನ್ನವನು, ಆ ಎರಡು ಕೋಣೆ ನನ್ನವು, ಬೆಕ್ಕು ಬರುವ ಕಿಟಕಿಯೂ ನನ್ನದು. ಅವನ ಮೇಲೆ ನನಗೆ ಎಷ್ಟು ಜೀವ ಎಂದು ಈ ಹಾಳು ಯಂತ್ರ ಬಂದ ಮೇಲೇ ತಿಳಿಯಿತು.

೪ ಫೆಬ್ರವರಿ, ಭಾನುವಾರ

ಬಂದ. ಸೂಜಿ ನಾನು ಹಿಡಿಯಲಿಲ್ಲ, ಸಾಹೇಬರ ಕೈಗಿಟ್ಟೆ. ಅವರೇ ರಕ್ತ ತೆಗೆದುಕೊಟ್ಟರು. ಉಪ್ಪುನೀರಿನಲ್ಲಿ ಕದಡಿ, ಲೋಟ ಇಟ್ಟು, ಕಣ್ಣುಮುಚ್ಚಿಕೊಂಡೇ ಗುಂಡಿ ಒತ್ತಿದೆ.

ಸಾಹೇಬರು, "ಕಣ್ಣ ತೆಗಿಯವಾ" ಎಂದರು.

ಗೆರೆ ಮುಟ್ಟಿದ್ದವು! ಸಾಲುಸಾಲಾಗಿ, ಒಂದೂ ಕುಸಿಯದೆ, ಗೆರೆ ಮುಟ್ಟಿ ನಿಂತಿದ್ದವು. ನಾನು ಜೋರಾಗಿ ಅತ್ತುಬಿಟ್ಟೆ. ಕಂಪೌಂಡರ್ ಓಡಿಬಂದ. ಸಾಹೇಬರು ಬಸಂತನ ಬೆನ್ನು ತಟ್ಟಿ, "ನಿಮ್ಮ ಅಣ್ಣಗ ಬಂದದ್ದು ನಿನಗ ಬಂದಿಲ್ಲ. ಬಿನ್‌ಧಾಸ್ತ ಲಗ್ನ ಆಗ್ರಿ" ಎಂದರು. ಗುಂಪೂ ಹೊಂದಿತು. ಆಗಲೇ ಒಂದು ಬಾಟಲಿ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಸಿದ್ದಿಯ ತುಟಿಗೆ ಬಣ್ಣ ಬಂತು. ಅವನ ಬೆರಳು ಹಿಡಿದು ಎಳೆದಾಡಿತು.

ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅವನು, "ಅಂದ್ರ ನಂದ ಚಲೋ ಐತಿ" ಎಂದ.

"ಚಲೋ ಐತಿ."

"ನಿಂದು?"

"ನಂದ ಗಿಡ್ಡ. ಆದ್ರ ನಿಂದ ಚಲೋ ಐತಲ್ಲ, ಏನೂ ಆಗೂದಿಲ್ಲ."

ಚಹಾದ ಕಪ್ಪು ಕೆಳಗಿಟ್ಟು, "ಅವ್ವಗ ಹೇಳ್ತೇನಿ" ಎಂದ. ಹೇಳಲಿ. ಎಲ್ಲರಿಗೂ ಹೇಳಲಿ. ಇವತ್ತಿನಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ನಬಿಲಾಲನ ಗಿರಣಿಯ ಹೆಂಗಸರಿಗೆಲ್ಲ ಪೇಡೆ ಹಂಚಿದೆ.

೧೫ ಫೆಬ್ರವರಿ, ಗುರುವಾರ

ಅತ್ತಿ ಬಂದಿದ್ದಳು. ಆಸ್ಪತ್ರೆಯ ಪಡಸಾಲೆಯಲ್ಲಿ, ರೋಗಿಗಳ ಮುಂದೆಯೇ ಕೂತಳು. ನೀರು ಕೊಟ್ಟರೆ ಮುಟ್ಟಲಿಲ್ಲ.

"ನಿಮ್ಮಕ್ಕನ್ನ ತಂದು ಎರಡ ಕೂಸಿನ ಗತಿ ನೋಡೇನಿ. ಮತ್ತ ನಿನ್ನೂ ತರಬೇಕೇನ? ನಿಮ್ಮ ರಕ್ತದಾಗ ಐಬ ಐತಿ. ನೀನ ಹೇಳಿದಿಯಂತ."

"ಭಾವಂದೂ ಹಂಗ ಐತಿ ಅತ್ತಿ. ಕೂಸಿಗೆ ಇಬ್ಬರಿಂದಲೂ ಬಂದೇತಿ."

"ಅವಗೇನಾಗೇತಿ? ಗುಂಡಕಲ್ಲಿನಂಗ ಅದಾನ ನನ್ನ ಮಗ."

"ನಾನೂ ಗುಂಡಕಲ್ಲಿನಂಗ ಅದೇನಿ. ಇದು ನಮ್ಮ ಅವ್ವಂದು. ಅವ್ವ ಎಲ್ಲಿ ಹುಟ್ಟಿದಾಕಿ? ನಿನ್ನ ಗಂಡನ ಬೆನ್ನಿಗೆ, ನಿನ್ನ ಮನ್ಯಾಗ ಹುಟ್ಟಿದಾಕಿ. ಐಬ ಅಂತಿದ್ರ ಅದು ಹೊರ್ತಿದು!"

ಇಷ್ಟು ಜೋರಾಗಿ ಹೇಳಬಾರದಿತ್ತು. ಸತ್ತ ಗಂಡನ ಮಾತು ಬಂದದ್ದೇ ಅತ್ತಿ ಎದ್ದಳು. ಸಾಹೇಬರು ಹೊರಗೆ ಬಂದು, "ಬಾಯಿಯವರ, ಒಬ್ಬರದ ಗಿಡ್ಡ ಇದ್ರ ಮಕ್ಕಳಿಗೆ ಏನೂ ಆಗೂದಿಲ್ರಿ, ನಾ ಬರದ ಕೊಡ್ತೇನಿ" ಎಂದು ಕೈ ಮುಗಿದರು. ಅತ್ತಿ, "ನೀವ ಹೇಳ್ತೀರಿ ಸಾಹೇಬ್ರ. ಕೂಸಿನ್ನ ಹೂಳಾಕ ನೀವ ಬರಂಗಿಲ್ಲ" ಎಂದು ಮೆಟ್ಟಿಲಿಳಿದು ಹೋದಳು. ಅವಳ ಕಣ್ಣಲ್ಲಿ ನೀರಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು. ಬರೀ ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು.

೪ ಮಾರ್ಚ್, ಭಾನುವಾರ

ಬಸ್ಸು ಬಂತು. ಲಕ್ಕವ್ವ ಇವತ್ತು ಗದರಲಿಲ್ಲ, ತಾನೇ ಒಂದು ಹಣ್ಣು ಸುಲಿದುಕೊಟ್ಟಳು. ಊರಿಗೆಲ್ಲ ತಿಳಿದಿದೆ ಅಂತಾಯಿತು.

೧೮ ಮಾರ್ಚ್, ಭಾನುವಾರ

ಬಂದ. ಬರಿಗೈಯಲ್ಲಿ ಬಂದ. ಕಟ್ಟೆಯ ಮೇಲೆ ಕೂರಲಿಲ್ಲ.

"ಅವ್ವ ಬಾಗೇವಾಡಿ ಕಡೆ ಹೆಣ್ಣ ನೋಡ್ಯಾಳ."

"ನೀ ಏನಂದಿ?"

"ಅವ್ವ ಉಣ್ಣೂದ ಬಿಟ್ಟಾಳ."

"ನೀ ಏನಂದಿ ಅಂತ ಕೇಳಾಕತ್ತೇನಿ."

ನೆಲ ನೋಡುತ್ತ ನಿಂತ. ಆ ನಿಧಾನ ನನಗೆ ಹಿತ ಎಂದು ಯಾವಾಗಲೋ ಬರೆದಿದ್ದೆನಲ್ಲ, ಇವತ್ತು ಅವನನ್ನು ಹಿಡಿದು ಅಲ್ಲಾಡಿಸಬೇಕು ಅನಿಸಿತು. ಕಡೆಗೆ, "ನನಗೂ ಹೆದರಿಕಿ ಬರತೈತಿ ಕಸ್ತೂರಿ. ಸಿದ್ದಿನ್ನ ನೋಡಿದ್ರ ಹೆದರಿಕಿ ಬರತೈತಿ" ಎಂದ. ಸುಳ್ಳು ಹೇಳುವವನಲ್ಲ ಅವನು. ಹೆದರಿಕೆಯವನಿಗೆ ನಾನು ಯಾವ ಮುಳ್ಳು ತೋರಿಸಲಿ?

"ಹೋಗು, ಬಸ್ಸಿಗೆ ಹೊತ್ತಾತು" ಎಂದೆ.

ಬೇಕು. ನನಗೆ ಅವನು ಬೇಕು. ಬರೆದರೆ ಕಡಿಮೆಯಾದೀತೆಂದು ಬರೆದೆ, ಆಗಲಿಲ್ಲ.

೧೧ ಏಪ್ರಿಲ್, ಬುಧವಾರ

ಸಿದ್ದಿಗೆ ಮೇಲಿನ ಹಲ್ಲು ಬಂತು! ಈ ಸಲ ಸೊಲ್ಲಾಪುರದಿಂದ ಬಾಟಲಿ ತರಿಸಿ ಹಾಕಿದೆವು. ಅಕ್ಕನನ್ನೂ ಕೂಸನ್ನೂ ನನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಲ್ಯಾಬಿಗೆ ಎತ್ತಿಕೊಂಡು ಹೋದರೆ ಹಸಿರು ಮುಳ್ಳು ಎದ್ದಾಗಲೆಲ್ಲ ಪರದೆಗೆ ಹೊಡೆದು "ಹಾ, ಹಾ" ಅನ್ನುತ್ತದೆ. ಈಗ ದಿನದ ಅಳತೆಗೆ ನಬಿಲಾಲನ ರಕ್ತ. ಬೆರಳು ಚುಚ್ಚಿಸಿಕೊಂಡು ಹೋಗಿ, ಗಿರಣಿಯ ಹೆಂಗಸರ ಮುಂದೆ, "ತಾಲೂಕಿನ್ಯಾಗ ಸರಿಯಾದ ಮನಷ್ಯಾ ಯಾಂವ? ಮಿಷಿನ್ನ ಕೇಳ್ರಿ" ಎಂದು ಕೊಚ್ಚಿಕೊಳ್ಳುತ್ತಾನಂತೆ. ನಕ್ಕು ನಕ್ಕು ಸಾಕಾಯಿತು.

ಸಿದ್ದಿಗೆ ಬಾಳೆಹಣ್ಣು ಎಂದರೆ ಪ್ರಾಣ. ಭಾನುವಾರ ಸ್ಟ್ಯಾಂಡಿಗೆ ಹೋಗಿ ಲಕ್ಕವ್ವನ ಹತ್ತಿರ ತಂದೆ. ಯಾವ ಬಸ್ಸು ಬಂತೋ ಹೋಯಿತೋ ನೋಡಲಿಲ್ಲ.

೨೯ ಏಪ್ರಿಲ್, ಭಾನುವಾರ

ಇವತ್ತು ಬಸವ ಜಯಂತಿ. ಅವನ ಮದುವೆ ಮೇ ಎಂಟಕ್ಕಂತೆ. ಭಾವ ಹೇಳಿ ಹೋದ. ಅಕ್ಕ ನನ್ನ ಮುಖ ನೋಡದೆ ರೊಟ್ಟಿ ಬಡಿದಳು.

೬ ಮೇ, ಭಾನುವಾರ

ಸಿದ್ದಿಗೆ ಮೂರು ದಿನದಿಂದ ಜ್ವರ. ಇವತ್ತು ಬೆಳಿಗ್ಗೆ ಉಸಿರಿಗೆ ಪಕ್ಕೆ ಏಳತೊಡಗಿದವು, ಉಗುರು ಕಾಗದದ ಹಾಗೆ. ರಕ್ತ ಇಳಿದುಬಿಟ್ಟಿದೆ. ಸೊಲ್ಲಾಪುರಕ್ಕೆ ಫೋನು ಮಾಡಿದರೆ ಆ ಗುಂಪಿನ ಬಾಟಲಿ ಇಲ್ಲ. ಭಾವ ಹೋದ ವಾರವಷ್ಟೇ ಕೊಟ್ಟು ಕಣ್ಣುಕತ್ತಲೆ ಬಂದು ಬಿದ್ದಿದ್ದಾನೆ. ಸಾಹೇಬರು, "ನಾಳೆ ಮಧ್ಯಾಹ್ನದ ಒಳಗ ಬೇಕು" ಎಂದರು. ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಇವತ್ತು ಹೊರ್ತಿಯಲ್ಲಿ ಅವನಿಗೆ ಅರಿಷಿಣ. ಅರಿಷಿಣದ ಮೈಯವರು ಊರಸೀಮೆ ದಾಟಬಾರದು, ಮೈಯಿಂದ ರಕ್ತ ಬರಬಾರದು. ಕ್ಷೌರದ ಕತ್ತಿ ತಗುಲಿದರೂ ಹೆಂಗಸರು ಹೌಹಾರುತ್ತಾರೆ. ಹೇಳಿಕಳಿಸಿದರೆ ನಡುವೆ ಯಾರಾದರೂ ಮಾತು ನುಂಗಿಬಿಡುತ್ತಾರೆ. ನಾನೇ ಬಸ್ಸು ಹತ್ತಿದೆ. ಈಗ ಝಳಕಿಯಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ, ಚಹಾದಂಗಡಿಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಏನು ಉಟ್ಟುಕೊಂಡು ಬಂದೆ ಎಂದು ಈಗ ನೋಡಿಕೊಂಡೆ. ಲ್ಯಾಬಿನ ಸೀರೆ, ಸೆರಗಿನಲ್ಲಿ ಕೂಸು ಉಗುಳಿದ ಗಂಜಿ.

೭ ಮೇ, ಸೋಮವಾರ

ನಿನ್ನೆ ಚಪ್ಪರದೊಳಗೆ ಹೋದಾಗ ಅವನು ಮಣೆಯ ಮೇಲೆ ಕೂತಿದ್ದ. ಹಾಡು ನಿಂತಿತು. ನಾನು ರಂಪ ಮಾಡಲು ಬಂದೆ ಎಂದೇ ಎಲ್ಲರೂ ತಿಳಿದರು. ಒಬ್ಬಾಕೆ ನನ್ನ ತೋಳು ಹಿಡಿದುಕೊಂಡಳು.

"ಸಿದ್ದಿ ಸಾಯಾಕತ್ತಾಳ. ನಿನ್ನ ಒಂದ ಬಾಟ್ಲಿ ರಕ್ತ ಬೇಕು. ನಾ ಮತ್ತೇನೂ ಕೇಳಾಕ ಬಂದಿಲ್ಲ" ಎಂದೆ. ಎಲ್ಲರಿಗೂ ಕೇಳುವ ಹಾಗೆಯೇ ಎಂದೆ.

ಅತ್ತಿ ಅವನ ಮುಂದೆ ಬಂದು ನಿಂತಳು. "ಅರಿಷಿಣ ಹಚ್ಚೇತಿ. ನಾಡದ ಆಗಲಿ, ಅಕ್ಕಿಕಾಳ ಬಿದ್ದ ಮ್ಯಾಲ ಕರಕೊಂಡ ಹೋಗು."

"ನಾಡದಕ್ಕ ಕೂಸ ಇರಂಗಿಲ್ಲ ಅತ್ತಿ. ನಿನ್ನ ಮೊಮ್ಮಗಳು."

ಆಗ ಅವನು ಎದ್ದ. ಯಾರನ್ನೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಅವನು ತಾನಾಗಿ ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ. ಬರಿಮೈಗೆ ಒಂದು ಕಂಬಳಿ ಹೊದ್ದುಕೊಂಡು, "ನಡಿ" ಎಂದ. ಅತ್ತಿ ತಡೆಯಲಿಲ್ಲ. ಚಪ್ಪರದ ಕಂಬ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು.

ಝಳಕಿಯವರೆಗೆ ಎತ್ತಿನ ಗಾಡಿ, ಅಲ್ಲಿ ಲಾರಿ, ಇಂಡಿಯಲ್ಲಿ ಬೆಳಗಿನ ಬಸ್ಸು. ಬಸ್ಸಿನಲ್ಲಿ ಒಬ್ಬ ಮುದುಕಿ ಅವನ ಹಳದಿ ಕಾಲು ನೋಡಿ, "ಏಳ್ರಿ, ಮದುಮಕ್ಕಳಿಗೆ ಜಾಗಾ ಬಿಡ್ರಿ" ಎಂದು ಇಬ್ಬರು ಗಂಡಸರನ್ನು ಎಬ್ಬಿಸಿದಳು. ನಮ್ಮಿಬ್ಬರ ಕೆನ್ನೆ ಸವರಿ ಲಟಿಕೆ ಮುರಿದಳು. ಅವನೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸಿಂದಗಿಯವರೆಗೆ ಹಾಗೇ ಕೂತು ಬಂದೆವು.

ಸಾಹೇಬರು ಕೂಸಿನ ಹತ್ತಿರ ಇದ್ದರು. ರಕ್ತ ನಾನೇ ತೆಗೆಯಬೇಕಾಯಿತು. ಅವನನ್ನು ಮಲಗಿಸಿ ಕಂಬಳಿ ಸರಿಸಿದೆ. ಮೊಣಕೈಯ ಮಡಿಕೆಯಲ್ಲಿ ಅರಿಷಿಣ ದಪ್ಪಗೆ ಒಣಗಿತ್ತು, ನರ ಕಾಣುತ್ತಿರಲಿಲ್ಲ. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದೆ. ಹತ್ತಿ ಹಳದಿಯಾಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಹಳದಿಯಾಯಿತು. ಯಾವಳೋ ಹಚ್ಚಿದ ಅರಿಷಿಣ. ಅವನ ಮೈ ಬಣ್ಣ ಕಾಣುವತನಕ ಒರೆಸಿದೆ. ಅವನು ಸೂಜಿಗೆ ಹೆದರುವವನು, ಇವತ್ತು ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದ.

ಬಾಟಲಿ ತುಂಬಿತು. ಅಕ್ಕ ಅದನ್ನು ಎದೆಗೊತ್ತಿಕೊಂಡು ವಾರ್ಡಿಗೆ ಓಡಿದಳು. ಅರ್ಧ ಇಳಿಯುವುದರೊಳಗೆ ಸಿದ್ದಿಯ ಪಕ್ಕೆ ಏಳುವುದು ನಿಂತು ಉಸಿರು ಹದಕ್ಕೆ ಬಂತು ಎಂದು ಆಮೇಲೆ ಹೇಳಿದಳು. ನಾನು ಸೂಜಿ ತೆಗೆದು ಹತ್ತಿ ಇಟ್ಟು, ಕೈ ಮಡಚಿಕೋ ಎಂದೆ. ಅವನು ಮಡಚಲಿಲ್ಲ. ನಾನೇ ಎರಡೂ ಕೈಯಿಂದ ಹಿಡಿದು ಒತ್ತಿಕೊಂಡು ಕೂತೆ.

"ನಿಂತಿತೇನ?" ಎಂದು ಕೇಳಿದ.

"ಇನ್ನೂ ಇಲ್ಲ" ಎಂದೆ.

ರಕ್ತ ಆಗಲೇ ನಿಂತಿತ್ತು.